ಲಿಪ್‌ಸ್ಟಿಕ್ ಕೊಳವೆಯೊಳಗಿನ ನಾದ: ಡ್ಯಾನೆಲೆಕ್ಟ್ರೋ ಗಿಟಾರುಗಳ ಕಥೆ

ಪರೀಕ್ಷೆಗೆ ಹೊರಟ ಮಕ್ಕಳ ಕಂಕುಳಲ್ಲಿ ಒಂದು ಕಂದು ಹಲಗೆ ಇರುತ್ತಿದ್ದುದು ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ಒಂದು ಬದಿ ನುಣುಪು, ಇನ್ನೊಂದು ಬದಿ ಬಲೆಯ ಅಚ್ಚು ಒತ್ತಿದಂತೆ ಒರಟು, ಮೇಲ್ತುದಿಗೆ ಒಂದು ತಗಡಿನ ಕ್ಲಿಪ್ಪು. ಅದರ ಹೆಸರು ಹಾರ್ಡ್‌ಬೋರ್ಡ್. ಮರದ ಚಕ್ಕೆಗಳನ್ನು ಹಬೆಯ ಒತ್ತಡದಿಂದ ನಾರುನಾರಾಗಿ ಬಿಡಿಸಿ, ಮತ್ತೆ ಒತ್ತಿ ಹಲಗೆ ಮಾಡುವ ಈ ವಿಧಾನವನ್ನು 1924ರಲ್ಲಿ ಅಮೆರಿಕದ ಮಿಸಿಸಿಪಿ ಪ್ರಾಂತ್ಯದ ಲಾರೆಲ್ ಎಂಬ ಊರಿನಲ್ಲಿ ವಿಲಿಯಂ ಮೇಸನ್ ಎಂಬಾತ ಕಂಡುಹಿಡಿದ. ಅವನ ಹೆಸರಿನಿಂದಲೇ ಅದಕ್ಕೆ ಮೇಸೊನೈಟ್ ಎಂಬ ಹೆಸರೂ ಬಂದಿತು. ಕಪಾಟಿನ ಹಿಂಬದಿಗೆ, ಗೋಡೆಯ ಅಡ್ಡತಡಿಕೆಗೆ ಒದಗುವ ವಸ್ತು ಅದು. ಅದರಿಂದ ಸಂಗೀತವಾದ್ಯ ಮಾಡಿಕೊಡಿ ಎಂದು ಕೇಳಿದರೆ, ಹಲಸಿನ ಮರವನ್ನು ತಟ್ಟಿ ನೋಡಿ ಆರಿಸುವ ನಮ್ಮ ವೀಣೆ ಕೆಲಸದವರು ಏನೆಂದಾರು?

ಆದರೆ ಒಬ್ಬಾತ ಮಾಡಿದ. ಆ ಹಲಗೆಯಿಂದ ಮತ್ತು ಹೆಂಗಸರ ತುಟಿರಂಗು ತುಂಬುವ ಲೋಹದ ಕೊಳವೆಯಿಂದ ಅಮೆರಿಕದ ನಾಥನ್ ಡೇನಿಯಲ್ 1950ರ ದಶಕದಲ್ಲಿ ಮಾಡಿದ ವಿದ್ಯುತ್ ಗಿಟಾರುಗಳು ಬಡವರ ಮನೆಯ ಹುಡುಗರ ಕೈಗೆ ಹೋದವು. ಜಾಣರಾದ ಸಂಗೀತಗಾರರು ಅವುಗಳನ್ನು ಧ್ವನಿಮುದ್ರಣದ ಕೋಣೆಗೂ ಒಯ್ದರು. ಆದರೂ ಬಹುಕಾಲ ಅವಕ್ಕೆ ಆಟಿಕೆ ಎಂಬ ಹೆಸರು ತಪ್ಪಲಿಲ್ಲ. ಗಿಟಾರಿನ ಚರಿತ್ರೆ ಬರೆಯುವವರು ಫೆಂಡರ್, ಗಿಬ್ಸನ್ ಎಂಬ ಎರಡು ದೊಡ್ಡ ಮನೆತನಗಳಿಗೆ ಅಧ್ಯಾಯಗಟ್ಟಲೆ ಕೊಟ್ಟು, ಡ್ಯಾನೆಲೆಕ್ಟ್ರೋಗೆ ಅಡಿಟಿಪ್ಪಣಿ ಕೊಡುತ್ತಿದ್ದ ಕಾಲವೊಂದಿತ್ತು. ಈ ಗಿಟಾರುಗಳ ಒಂದೊಂದು ಮಾದರಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಅಗ್ಗವೆಂಬುದು ಬೇರೆ, ಕೀಳೆಂಬುದು ಬೇರೆ ಎಂಬ ಮಾತು ತಾನಾಗಿ ತಿಳಿಯುತ್ತದೆ. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮರದ ಕೆಲಸವೋ, ತಂತಿಯ ಕೆಲಸವೋ?

ಮೊದಲು ಒಂದು ಮೂಲಪ್ರಶ್ನೆ. ವೀಣೆಯಲ್ಲಿ ತಂತಿಯ ಕಂಪನ ಕುದುರೆಯ ಮೂಲಕ ಕೊಡಕ್ಕೆ ಇಳಿಯುತ್ತದೆ. ಕೊಡದ ಮರ ಅದುರುತ್ತದೆ, ಒಳಗಿನ ಗಾಳಿ ಅದುರುತ್ತದೆ, ಆ ಬಳಿಕವೇ ನಾದ ನಮ್ಮ ಕಿವಿಗೆ ಬರುತ್ತದೆ. ಆದ್ದರಿಂದಲೇ ಅಲ್ಲಿ ಮರದ ಜಾತಿ, ವಯಸ್ಸು, ದಪ್ಪ ಎಲ್ಲಕ್ಕೂ ಬೆಲೆ. ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಗೆ ಹಿರಿಯರು ಕೈಮುಗಿಯುತ್ತಿದ್ದುದು ಸುಮ್ಮನೆ ಅಲ್ಲ.

ವಿದ್ಯುತ್ ಗಿಟಾರಿನ ದಾರಿ ಬೇರೆ. ಅಲ್ಲಿ ಉಕ್ಕಿನ ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಎಂದು ಹೆಸರು. ಮೇಲಿನ ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಇಲ್ಲಿ ಗಿಟಾರಿನ ಒಡಲು ಹಾಡುವ ಕೊಡವಲ್ಲ, ತಂತಿಯನ್ನು ಬಿಗಿಯಾಗಿ ಹಿಡಿದಿಡುವ ಚೌಕಟ್ಟು. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ವಾದಕ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ಒಂದು ಚೌಕ ಮರದ ತೊಲೆಗೆ ತಂತಿ ಬಿಗಿದು ನುಡಿಸಿ ತೋರಿಸಿದ್ದ. ತೊಲೆಯೂ ಹಾಡಿತು! ಒಡಲಿನ ಪ್ರಭಾವ ಏನೂ ಇಲ್ಲವೆಂದಲ್ಲ. ಆದರೆ ಪಿಕಪ್ಪು, ತಂತಿ, ಅವುಗಳ ಜೋಡಣೆ, ಆಂಪ್ಲಿಫೈಯರು ಇವುಗಳ ಪಾಲೇ ದೊಡ್ಡದು.

ಈ ಸತ್ಯವನ್ನು ಎಲ್ಲರೂ ಬಲ್ಲರು. ಆದರೂ ದೊಡ್ಡ ಕಂಪೆನಿಗಳು ಒಳ್ಳೆಯ ಮರದ ಮೋಹ ಬಿಡಲಿಲ್ಲ. ಗಿಬ್ಸನ್ ಕಂಪೆನಿ 1952ರಲ್ಲಿ ಹೊರತಂದ ಲೆಸ್ ಪಾಲ್ ಗಿಟಾರಿಗೆ ಮಹಾಗನಿ ಒಡಲು, ಮೇಪಲ್ ಮರದ ಮೇಲ್ಪದರ. ತೂಕ ನಾಲ್ಕು ಕಿಲೋ ಆಸುಪಾಸು. ಫೆಂಡರ್ ಕಂಪೆನಿಯ ಸ್ಟ್ರಾಟೋಕಾಸ್ಟರ್ 1954ರಲ್ಲಿ ಬಂದಾಗ ಬೆಲೆ ಸುಮಾರು 250 ಡಾಲರು. ಆ ಕಾಲಕ್ಕೆ ಕೂಲಿಕಾರನ ಮಗ ಕನಸಿನಲ್ಲಿ ಮಾತ್ರ ಮುಟ್ಟಬಹುದಾದ ಹಣ ಅದು.

ರೇಡಿಯೋ ಬಲ್ಲವನ ಕೈ

ನಾಥನ್ ಡೇನಿಯಲ್ ಮರ ಬಲ್ಲವನಲ್ಲ, ವಿದ್ಯುತ್ತು ಬಲ್ಲವನು. ಅವನ ತಂದೆತಾಯಿಗಳು ಲಿಥುವೇನಿಯದಿಂದ ವಲಸೆ ಬಂದ ಯಹೂದಿಗಳು. ಮಗ ಹುಟ್ಟಿದ್ದು 1912ರಲ್ಲಿ, ನ್ಯೂಯಾರ್ಕಿನಲ್ಲಿ. ಹುಡುಗನಿಗೆ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು. ಆರ್ಥಿಕ ಕುಸಿತದ 1930ರ ದಶಕದಲ್ಲೇ ಆಂಪ್ಲಿಫೈಯರುಗಳನ್ನು ಕಟ್ಟತೊಡಗಿ, ಎಪಿಫೋನ್ ಕಂಪೆನಿಗೆ ಮಾಡಿಕೊಡುತ್ತಿದ್ದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಜೆರ್ಸಿಯ ಫೋರ್ಟ್ ಮನ್‌ಮತ್‌ನಲ್ಲಿ ಸೈನ್ಯದ ಸಿಗ್ನಲ್ ವಿಭಾಗಕ್ಕಾಗಿ ಕೆಲಸ ಮಾಡಿದ. ಸೈನ್ಯದ ಮೋಟಾರ್‌ಸೈಕಲ್ಲುಗಳ ಎಂಜಿನ್ನಿನ ಕಿಡಿ ರೇಡಿಯೋದಲ್ಲಿ ಗರಗರ ಸದ್ದು ಮಾಡದಂತೆ ತಡೆಯುವುದು ಅಲ್ಲಿ ಅವನು ಬಿಡಿಸಿದ ಒಗಟುಗಳಲ್ಲಿ ಒಂದು. ಹೊರಗಿನ ವಿದ್ಯುತ್ ಗದ್ದಲದಿಂದ ಸಣ್ಣ ಸಂಕೇತವೊಂದನ್ನು ಕಾಪಾಡಬೇಕಾದರೆ ಅದರ ಸುತ್ತ ಲೋಹದ ಕವಚ ಬೇಕು. ಈ ಪಾಠ ಮುಂದೆ ಒದಗಿ ಬಂದಿತು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಊರಿನಲ್ಲಿ ತನ್ನದೇ ಕಂಪೆನಿ ತೆರೆದ. ತನ್ನ ಹೆಸರನ್ನೂ ಇಲೆಕ್ಟ್ರಿಕ್ ಎಂಬ ಮಾತನ್ನೂ ಕೂಡಿಸಿ ಡ್ಯಾನೆಲೆಕ್ಟ್ರೋ ಎಂದು ಕರೆದ. ಮೊದಮೊದಲು ಆಂಪ್ಲಿಫೈಯರು ಮಾತ್ರ. ದೊಡ್ಡ ಗಿರಾಕಿಯಾಗಿ ಒದಗಿದ್ದು ಷಿಕಾಗೋದ ಸಿಯರ್ಸ್ ರೋಬಕ್ ಕಂಪೆನಿ. ಇದು ಟಪಾಲಿನ ಅಂಗಡಿ. ಅದರ ದಪ್ಪ ಕ್ಯಾಟಲಾಗು ಅಮೆರಿಕದ ಹಳ್ಳಿಹಳ್ಳಿಯ ಮನೆಗಳಲ್ಲಿ ಪಂಚಾಂಗದಂತೆ ತೂಗುತ್ತಿತ್ತು. ಬಟ್ಟೆ, ನೇಗಿಲು, ಒಲೆ, ಹೊಲಿಗೆಯಂತ್ರ ಎಲ್ಲವನ್ನೂ ಅದರಲ್ಲಿ ಚಿತ್ರ ನೋಡಿ, ಹಣ ಕಳಿಸಿ, ಅಂಚೆಯಲ್ಲಿ ತರಿಸಬಹುದಾಗಿತ್ತು. ಸಂಗೀತದ ವಸ್ತುಗಳಿಗೆ ಸಿಯರ್ಸ್ ಇಟ್ಟ ಹೆಸರು ಸಿಲ್ವರ್‌ಟೋನ್. ಬೇರೆ ಕಾರ್ಖಾನೆಗಳೂ ಈ ಹೆಸರಿಗೆ ಗಿಟಾರು ಮಾಡಿಕೊಡುತ್ತಿದ್ದುದರಿಂದ ಸಿಲ್ವರ್‌ಟೋನ್‌ಗಳೆಲ್ಲ ಡ್ಯಾನೆಲೆಕ್ಟ್ರೋ ಅಲ್ಲ. ಅದರ ಪೈಕಿ ಒಂದು ದೊಡ್ಡ ಪಾಲು 1954ರಿಂದ ಮುಂದಕ್ಕೆ ಡೇನಿಯಲ್‌ನ ಕಾರ್ಖಾನೆಯದು. ಅದೇ ಗಿಟಾರುಗಳನ್ನು ತುಸು ಬದಲಾಯಿಸಿ ಸ್ವಂತ ಹೆಸರಿನಲ್ಲಿಯೂ ಆತ ಮಾರಿದ.

ಯು-1, ಯು-2, ಯು-3

ಡೇನಿಯಲ್‌ನ ಯೋಚನೆ ಪೂರ್ಣವಾಗಿ ಮೈದಾಳಿದ್ದು 1956ರ ಯು ಮಾಲಿಕೆಯಲ್ಲಿ. ಪಾಪ್ಲರ್ ಎಂಬ ಹಗುರ ಮರದ ಚೌಕಟ್ಟು, ಹಿಂದೆ ಮುಂದೆ ಮೇಸೊನೈಟ್ ಹಲಗೆ, ನಡುವೆ ಪೊಳ್ಳು. ದಂಡಿ ಕೂಡುವಲ್ಲಿ, ಕುದುರೆ ನಿಲ್ಲುವಲ್ಲಿ ಮಾತ್ರ ಗಟ್ಟಿ ಮರ. ಹಲಗೆಯ ಕತ್ತರಿಸಿದ ಅಂಚು ಕಾಣಿಸದಂತೆ ಸುತ್ತಲೂ ರೆಕ್ಸಿನ್ನಿನಂಥ ಪಟ್ಟಿ. ಮೇಲೆ ತಾಮ್ರದ ಬಣ್ಣ ಅಥವಾ ಕಪ್ಪು. ಇಡೀ ಗಿಟಾರಿನ ತೂಕ ಮೂರು ಕಿಲೋ ಒಳಗೆ. ಹೆಗಲಿಗೆ ಹಾಕಿಕೊಂಡು ರಾತ್ರಿಯಿಡೀ ನಿಂತು ನುಡಿಸುವವನಿಗೆ ಇದು ಸಣ್ಣ ಮಾತಲ್ಲ.

ಪಿಕಪ್ಪಿನ ಕಥೆ ಇನ್ನೂ ಸ್ವಾರಸ್ಯಕರ. ಒಂದು ಪಟ್ಟಿ ಅಯಸ್ಕಾಂತ, ಸುತ್ತಲೂ ತಾಮ್ರದ ತಂತಿ, ಮೇಲೊಂದಿಷ್ಟು ಟೇಪು. ಇಷ್ಟನ್ನು ಲಿಪ್‌ಸ್ಟಿಕ್ ತುಂಬಲೆಂದು ತಯಾರಾಗುತ್ತಿದ್ದ ಎರಡು ಲೋಹದ ಕೊಳವೆಗಳೊಳಗೆ ತೂರಿಸಿ ಬಾಯಿಗೆ ಬಾಯಿ ಕೂಡಿಸಿದರೆ ಮುಗಿಯಿತು. ಹೊಸ ಅಚ್ಚು ಮಾಡಿಸುವ ಖರ್ಚಿಲ್ಲ. ಫಳಫಳ ಹೊಳೆಯುವ ಕವಚ ಸಿದ್ಧವಾಗಿಯೇ ಸಿಗುತ್ತದೆ. ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆಯೂ ಆಯಿತು. ಮೋಟಾರ್‌ಸೈಕಲ್ಲಿನ ಗರಗರದೊಡನೆ ಸೆಣಸಿದ ಎಂಜಿನಿಯರನ ಬುದ್ಧಿ ಇಲ್ಲಿ ಎದ್ದು ಕಾಣುತ್ತದೆ. ಇವುಗಳ ನಾದ ತೆಳ್ಳಗೆ, ತಿಳಿಯಾಗಿ, ಗಂಟೆಯ ಅಂಚು ಮುಟ್ಟಿದಂತೆ ಇರುತ್ತದೆ.

ಮೂರು ಮಾದರಿಗಳ ಭೇದ ಸರಳ. ಯು-1ಕ್ಕೆ ಒಂದು ಪಿಕಪ್ಪು, ಯು-2ಕ್ಕೆ ಎರಡು, ತರುವಾಯ ಬಂದ ಯು-3ಕ್ಕೆ ಮೂರು. ಯು-1 ಕಲಿಯುವವನ ಗಿಟಾರು. ಹೇಳಿದಷ್ಟು ಮಾಡುತ್ತದೆ, ಹೆಚ್ಚಿನದನ್ನು ಕೇಳಬಾರದು. ಯು-3ರಲ್ಲಿ ಬಣ್ಣಗಳು ಹೆಚ್ಚು, ಆದರೆ ಮೂರು ಪಿಕಪ್ಪುಗಳ ನಡುವೆ ಕಡ್ಡಿ ಆಡಿಸಲು ಬಲಗೈಗೆ ಜಾಗ ಕಡಿಮೆ. ನಡುವಣ ಯು-2ರಲ್ಲಿ ಡೇನಿಯಲ್‌ನ ಮುಖ್ಯ ಉಪಾಯ ಚೆನ್ನಾಗಿ ಕಾಣಿಸುತ್ತದೆ. ಇತರ ಕಂಪೆನಿಗಳ ಗಿಟಾರುಗಳಲ್ಲಿ ಎರಡು ಪಿಕಪ್ಪುಗಳನ್ನು ಕೂಡಿಸಿ ನುಡಿಸುವಾಗ ಅವು ಅಕ್ಕಪಕ್ಕದ ಎರಡು ನಲ್ಲಿಗಳಂತೆ ಸಮಾನಾಂತರವಾಗಿ ಹರಿಯುತ್ತವೆ. ಡೇನಿಯಲ್ ಅವನ್ನು ಟಾರ್ಚಿನ ಸೆಲ್ಲುಗಳಂತೆ ಒಂದರ ಹಿಂದೊಂದು ಜೋಡಿಸಿದ. ಒಂದೊಂದೇ ಸೆಲ್ಲಿಗೆ ಮಂದವಾಗಿ ಉರಿಯುವ ಬಲ್ಬು ಎರಡಕ್ಕೆ ಪ್ರಕಾಶಿಸುವುದಿಲ್ಲವೆ? ಹಾಗೆಯೇ ಬಿಡಿಯಾಗಿ ತೆಳುವಾಗಿದ್ದ ಪಿಕಪ್ಪುಗಳು ಕೂಡಿದಾಗ ದನಿ ತುಂಬಿ, ಮೈಗೂಡಿ ಬರುತ್ತದೆ. ಹೆಚ್ಚಿಗೆ ಒಂದು ಕಾಸೂ ಖರ್ಚಿಲ್ಲ. ಒಂದು ತಂತಿಯ ಬೆಸುಗೆ ಬೇರೆ ಕಡೆ ಬಿದ್ದಿತು, ಅಷ್ಟೆ!

ಕುಂದುಗಳನ್ನೂ ಹೇಳಿಬಿಡಬೇಕು. ಕುದುರೆಯ ಮೇಲೆ ತಂತಿಗಳು ಕೂರುವುದು ಒಂದೇ ಒಂದು ಬೀಟೆ ಮರದ ಪಟ್ಟಿಯ ಮೇಲೆ. ಒಂದೊಂದು ತಂತಿಯ ಉದ್ದವನ್ನೂ ಬೇರೆ ಬೇರೆಯಾಗಿ ಸರಿಪಡಿಸುವಂತಿಲ್ಲ. ಹೀಗಾಗಿ ಮೇಲಿನ ಸ್ಥಾಯಿಯಲ್ಲಿ ಶ್ರುತಿ ತುಸು ಜಾರುವುದುಂಟು. ದಂಡಿ ಬಾಗದಿರಲೆಂದು ಒಳಗೆ ಉಕ್ಕಿನ ಸರಳುಗಳನ್ನು ಹುದುಗಿಸಿದ್ದರು. ಬಾಗುವುದಿಲ್ಲವೆಂದು ಅಭಯ ಕೊಟ್ಟದ್ದೂ ನಿಜ. ಆದರೆ ಯಾವ ಕಾರಣಕ್ಕೋ ಬಾಗಿದರೆ ತಿರುಗಿಸಿ ನೇರ ಮಾಡುವ ತಿರುಪು ಅಲ್ಲಿಲ್ಲ. ಬಿರಡೆಗಳು ಸಾಧಾರಣ. ತೇವ ಹಲಗೆಗೆ ಶತ್ರು. ಅಂಚಿನ ಪಟ್ಟಿ ವರ್ಷಗಳುರುಳಿದಂತೆ ಬಿಟ್ಟುಕೊಳ್ಳುತ್ತದೆ. ಇವೆಲ್ಲ ಅಗ್ಗದ ಗಿಟಾರಿನ ನಿಜವಾದ ದೋಷಗಳು. ಆದರೆ ಗಮನಿಸಿ: ಇವುಗಳಲ್ಲಿ ಒಂದೂ ನಾದದ ಮೂಲಕ್ಕೆ ಸಂಬಂಧಪಟ್ಟದ್ದಲ್ಲ. ಎಲ್ಲಿ ಕಾಸು ಉಳಿಸಿದರೆ ನಾದ ಕೆಡುವುದಿಲ್ಲವೋ ಅಲ್ಲಿ ಉಳಿಸಿದ್ದಾನೆ. ಜಿಪುಣನೂ ಉಳಿಸುತ್ತಾನೆ, ಜಾಣನೂ ಉಳಿಸುತ್ತಾನೆ. ಎಲ್ಲಿ ಎಂಬುದರಲ್ಲಿ ವ್ಯತ್ಯಾಸ.

ಗಿಡ್ಡ ಕೊಂಬು, ಉದ್ದ ಕೊಂಬು

1958ರಲ್ಲಿ ಗಿಟಾರಿನ ಆಕಾರ ಬದಲಾಯಿತು. ದಂಡಿಯ ಎರಡೂ ಬದಿಗೆ ಒಡಲನ್ನು ಕೊರೆದು ಕೈ ಮೇಲಿನ ಸ್ಥಾಯಿಗೆ ಸುಲಭವಾಗಿ ಹೋಗುವಂತೆ ಮಾಡಿದರು. ಕೊರೆದ ಬಳಿಕ ಉಳಿದ ಎರಡು ಮೊನೆಗಳು ಕರುವಿನ ಎಳೆಗೊಂಬಿನಂತೆ ಕಂಡದ್ದರಿಂದ ಜನ ಇದನ್ನು ಗಿಡ್ಡ ಕೊಂಬಿನ ಗಿಟಾರು ಎಂದರು. ಕಂಪೆನಿಯ ಲೆಕ್ಕದಲ್ಲಿ ಇವಕ್ಕೆ ಹೆಸರಿಲ್ಲ, ಬರೀ ಸಂಖ್ಯೆ. ಒಂದು ಪಿಕಪ್ಪಿನದು 3011, ಎರಡರದು 3021. ಯು-2ಕ್ಕೂ 3021ಕ್ಕೂ ಒಳಗಿನ ರಚನೆಯಲ್ಲಿ ಹೆಚ್ಚು ಭೇದವಿಲ್ಲ. ಅದೇ ಹಲಗೆ, ಅದೇ ಕೊಳವೆ, ಅದೇ ಸೆಲ್ಲಿನ ಜೋಡಣೆ. ಕೈಗೆ ಮಾತ್ರ 3021 ಹೆಚ್ಚು ಸಲೀಸು.

ಈ 3021ರ ಯೋಗ್ಯತೆಗೆ ಸಾಕ್ಷಿ ಬೇಕಾದರೆ ಲೆಡ್ ಜೆಪೆಲಿನ್ ತಂಡದ ಜಿಮ್ಮಿ ಪೇಜ್ ಸಾಕು. ಯಾವ ಗಿಟಾರನ್ನು ಬೇಕಾದರೂ ಕೊಳ್ಳಬಲ್ಲ ಈತ, ವೇದಿಕೆಯ ಮೇಲೆ 'ವೈಟ್ ಸಮ್ಮರ್' ನುಡಿಸಲೂ, 1975ರಲ್ಲಿ ಪ್ರಕಟವಾದ 'ಕಾಶ್ಮೀರ್' ನುಡಿಸಲೂ ಕೈಗೆತ್ತಿಕೊಳ್ಳುತ್ತಿದ್ದುದು ಇದೇ ಹಾರ್ಡ್‌ಬೋರ್ಡಿನ ಗಿಟಾರನ್ನು. ಆ ರಚನೆಗಳಿಗೆ ತಂತಿಗಳನ್ನು ವಾಡಿಕೆಗಿಂತ ಬೇರೆಯಾಗಿ ಶ್ರುತಿ ಮಾಡಬೇಕು. ತಂಬೂರಿಯಂತೆ ಕೆಲವು ತಂತಿಗಳು ಒಂದೇ ಸ್ವರವನ್ನು ಎಡೆಬಿಡದೆ ಮೊಳಗಿಸುತ್ತಿರಬೇಕು. ಲಿಪ್‌ಸ್ಟಿಕ್ ಕೊಳವೆಯ ತಿಳಿನಾದ ಅಂಥ ಸ್ವರಗಳನ್ನು ಕಲಸದೆ ಬಿಡಿಬಿಡಿಯಾಗಿ ಕೇಳಿಸುತ್ತದೆ. ಭಾರದ ಮಹಾಗನಿ ಗಿಟಾರು ಅವನ ಬಳಿ ಇತ್ತು. ಆ ಕೆಲಸಕ್ಕೆ ಇದನ್ನು ಆರಿಸಿಕೊಂಡ.

ಅದೇ ವರ್ಷ ಬಂದ ಉದ್ದ ಕೊಂಬಿನ ಮಾದರಿಗಳ ರೂಪ ವಿಚಿತ್ರವಾದುದು. ಹಳೆಯ ಗ್ರೀಕರ ಲೈರ್ ವಾದ್ಯದಂತೆ ಎರಡು ಕೊಂಬುಗಳು ದಂಡಿಯ ಉದ್ದಕ್ಕೂ ಮೇಲೇರಿವೆ. ಕೊಂಬಿನ ಅಂದಕ್ಕಾಗಿ ಮಾತ್ರ ಹಾಗೆ ಮಾಡಿದ್ದಲ್ಲ. ಕೊರೆತ ಆಳವಾದಷ್ಟೂ ಕೈ ಮೇಲಕ್ಕೆ ಹೋಗಬಲ್ಲದು. ವೀಣೆಯಲ್ಲಿ ನಾವು ಮೆಟ್ಟಿಲು ಎನ್ನುವುದಕ್ಕೆ ಗಿಟಾರಿನವರು ಫ್ರೆಟ್ ಎನ್ನುತ್ತಾರೆ. ವೀಣೆಗೆ ಮೆಟ್ಟಿಲು 24. ಉದ್ದ ಕೊಂಬಿನ 4423 ಎಂಬ ಬೇಸ್ ಗಿಟಾರಿಗೂ 24. ಆದರೆ ಅದರ ಜೊತೆಗಾರ 4123ಕ್ಕೆ 31! ಗಿಟಾರಿನ ಸ್ಥಾಯಿಯನ್ನೂ ಮ್ಯಾಂಡೊಲಿನ್ನಿನ ಸ್ಥಾಯಿಯನ್ನೂ ಒಂದೇ ದಂಡಿಯಲ್ಲಿ ಕೂಡಿಸುವ ಈ ಸಾಹಸಕ್ಕೆ ಗಿಟಾರ್‌ಲಿನ್ ಎಂದು ಹೆಸರಿಟ್ಟರು. ಸಾಹಸ ಪೂರ್ತಿ ಫಲಿಸಿತೆನ್ನಲಾಗದು. ಮೇಲ್ತುದಿಯ ಮೆಟ್ಟಿಲುಗಳು ಬೆರಳಿಗಿಂತ ಕಿರಿದು, ಅಲ್ಲಿ ಶ್ರುತಿ ಹಿಡಿಯುವುದು ಕಷ್ಟ. 4423 ಮಾತ್ರ ಹೆಸರು ಗಳಿಸಿತು. ಇಂಗ್ಲೆಂಡಿನ 'ದ ಹೂ' ತಂಡದ ಜಾನ್ ಎಂಟ್ವಿಸಲ್ 1965ರಲ್ಲಿ 'ಮೈ ಜನರೇಷನ್' ಹಾಡಿಗಾಗಿ ಇದನ್ನು ಕೊಂಡ. ಅದರ ತೆಳು ತಂತಿ ಕಡಿದುಹೋದಾಗ ಬದಲಿ ತಂತಿ ಇಂಗ್ಲೆಂಡಿನಲ್ಲಿ ಸಿಗಲಿಲ್ಲ. ತಂತಿಗಾಗಿ ಇನ್ನೊಂದು ಗಿಟಾರನ್ನೇ ಕೊಂಡ, ಅದೂ ಕಡಿಯಿತು, ಮತ್ತೊಂದು. ಹೀಗೆ ಮೂರು ಕೊಂಡ ಬಳಿಕ ಸೋತು, ಕೊನೆಗೆ ಫೆಂಡರಿನಲ್ಲೇ ಮುದ್ರಿಸಬೇಕಾಯಿತೆಂದು ಅವನೇ ಹೇಳಿಕೊಂಡಿದ್ದಾನೆ. ನಾದ ಮೆಚ್ಚಿದವನೂ ಬಿಡಿಭಾಗ ಸಿಗದೆ ಕೈಬಿಡಬೇಕಾದ ಈ ಪ್ರಸಂಗ, ಅಗ್ಗದ ಕಂಪೆನಿಯ ಇನ್ನೊಂದು ದೌರ್ಬಲ್ಯವನ್ನು ತೋರಿಸುತ್ತದೆ.

ಹೆಸರಿಲ್ಲದ ದುಡಿಮೆ

ಈ ಮನೆತನದ ಅತ್ಯಂತ ಉಪಯುಕ್ತ ಮಗು ಯಾವುದೆಂದರೆ ನಾನು ಯುಬಿ-2 ಎನ್ನುವೆ. 1956ರಲ್ಲಿ ಬಂದ ಇದು ಆರು ತಂತಿಯ ಬೇಸ್. ಸಾಮಾನ್ಯ ಗಿಟಾರಿನದೇ ಶ್ರುತಿ, ಆದರೆ ಒಂದು ಸ್ಥಾಯಿ ಕೆಳಗೆ. ವೇದಿಕೆಯ ಮೇಲೆ ಇದು ಮೆರೆಯಲಿಲ್ಲ. ನ್ಯಾಶ್‌ವಿಲ್ ನಗರದ ಧ್ವನಿಮುದ್ರಣ ಕೋಣೆಗಳಲ್ಲಿ ಇದಕ್ಕೆ ಕೆಲಸ ಸಿಕ್ಕಿತು. ಅಲ್ಲಿನ ಕಂಟ್ರಿ ಹಾಡುಗಳಲ್ಲಿ ನಿಂತು ನುಡಿಸುವ ದೊಡ್ಡ ಡಬಲ್ ಬೇಸಿನ ದನಿ ಆಳವಾದದ್ದು, ಆದರೆ ಅದರ ಮೊದಲ ಪೆಟ್ಟು ಮೆತ್ತಗೆ. ಸಣ್ಣ ರೇಡಿಯೋಗಳಲ್ಲಿ ಅದು ಕೇಳಿಸದೇ ಹೋಗುತ್ತಿತ್ತು. ಅದೇ ಸ್ವರಗಳನ್ನು ಆರು ತಂತಿಯ ಬೇಸಿನಲ್ಲಿ, ಅಂಗೈಯಿಂದ ತಂತಿಯನ್ನು ಅರೆಬರೆ ಮುಚ್ಚಿ, ಕಡ್ಡಿಯಿಂದ ಜೊತೆಜೊತೆಗೇ ನುಡಿಸಿದರೆ ಪ್ರತಿ ಸ್ವರಕ್ಕೂ 'ಟಿಕ್' ಎಂಬ ಸ್ಪಷ್ಟ ಅಂಚು ಬರುತ್ತದೆ. ಇದಕ್ಕೆ ಟಿಕ್-ಟ್ಯಾಕ್ ಬೇಸ್ ಎಂದೇ ಹೆಸರಾಯಿತು. ಹೆರಾಲ್ಡ್ ಬ್ರಾಡ್ಲಿಯಂಥ ನುರಿತ ವಾದಕರು ಇದನ್ನು ರೂಢಿಗೆ ತಂದರು. ಕೇಳಿದವರಾರಿಗೂ ಗಿಟಾರಿನ ಹೆಸರು ತಿಳಿಯಲಿಲ್ಲ. ಸಾರಿನಲ್ಲಿ ಇಂಗು ಕಾಣುವುದಿಲ್ಲ, ಇಲ್ಲದಿದ್ದರೆ ತಿಳಿಯುತ್ತದೆ.

ಪೆಟ್ಟಿಗೆಯೊಳಗೇ ಪೂರ್ತಿ ಕಚೇರಿ

1960ರ ಸುಮಾರಿಗೆ ಕಾರ್ಖಾನೆ ನ್ಯೂಜೆರ್ಸಿಯದೇ ನೆಪ್ಚೂನ್ ಊರಿಗೆ ಹೋಯಿತು. ಅಲ್ಲಿಂದ ಹೊರಟ ಮಾದರಿಗಳಲ್ಲಿ ಸಾಮಾಜಿಕವಾಗಿ ಅತಿ ಮುಖ್ಯವಾದದ್ದು 1962ರ ಸಿಲ್ವರ್‌ಟೋನ್ 1448. ವಿದ್ಯುತ್ ಗಿಟಾರು ಕಲಿಯಬೇಕೆಂಬ ಹುಡುಗನಿಗೆ ಗಿಟಾರು ಮಾತ್ರ ಸಾಲದು, ಆಂಪ್ಲಿಫೈಯರು ಬೇಕು, ಪೆಟ್ಟಿಗೆಯೂ ಬೇಕು. ಒಂದೊಂದಕ್ಕೂ ಬೇರೆ ಖರ್ಚು. ಡೇನಿಯಲ್ ಮೂರನ್ನೂ ಒಂದು ಮಾಡಿದ. ಗಿಟಾರಿನ ಪೆಟ್ಟಿಗೆಯಲ್ಲೇ ಪುಟ್ಟ ವಾಲ್ವ್ ಆಂಪ್ಲಿಫೈಯರು, ಐದಂಗುಲದ ಸ್ಪೀಕರು. ಪೆಟ್ಟಿಗೆ ತೆರೆದು, ಗೋಡೆಗೆ ಒರಗಿಸಿ, ಪ್ಲಗ್ಗು ಚುಚ್ಚಿದರೆ ಕಚೇರಿಗೆ ಸಿದ್ಧ. ಎಲ್ಲ ಸೇರಿ ಬೆಲೆ ಸುಮಾರು 68 ಡಾಲರು. ಇದರ ಅಣ್ಣ 1449ಕ್ಕೆ ಎರಡು ಪಿಕಪ್ಪು, ಎಂಟಂಗುಲದ ಸ್ಪೀಕರು, ದನಿಯನ್ನು ಅಲೆಅಲೆಯಾಗಿಸುವ ಟ್ರೆಮೊಲೋ. ಇವೆರಡರಲ್ಲಿ ವಾದ್ಯವಾಗಿ 1449 ಮೇಲು. ಆದರೆ ಮನೆಮನೆಯ ಬಾಗಿಲು ತೆರೆದದ್ದು 1448. ಅದರ ದಂಡಿ ಗಿಡ್ಡ, ಮೆಟ್ಟಿಲು ಹದಿನೆಂಟೇ. ಎಳೆಯರ ಕೈಗೆ ಅಷ್ಟು ಸಾಕು.

ಮುಂದೆ 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಟೆಲಿವಿಷನ್ನಿನಲ್ಲಿ ಮೊದಲ ಬಾರಿ ಹಾಡಿದಾಗ ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ಮರುದಿನದಿಂದ ದೇಶದ ಹುಡುಗರಿಗೆಲ್ಲ ಗಿಟಾರಿನ ಹುಚ್ಚು. ಅವರಲ್ಲಿ ಎಷ್ಟೋ ಮಂದಿಗೆ ಸಿಯರ್ಸ್ ಕ್ಯಾಟಲಾಗಿನ ಪೆಟ್ಟಿಗೆಯೇ ಗುರುಕುಲವಾಯಿತು.

ಇದಕ್ಕೂ ಮೊದಲೇ ಸಿಯಾಟಲ್ ನಗರದ ಒಬ್ಬ ಬಡ ಕರಿಯ ಹುಡುಗನ ಕೈಗೆ ಡ್ಯಾನೆಲೆಕ್ಟ್ರೋ ಮಾಡಿದ ಸಿಲ್ವರ್‌ಟೋನ್ ಬಂದಿತ್ತು. ಅವನ ಮೊದಲ ವಿದ್ಯುತ್ ಗಿಟಾರು ಕಳುವಾಗಿ, ತಂದೆ ಇನ್ನೊಂದನ್ನು ಕೊಡಿಸಿದ್ದ. ಹುಡುಗ ಸೈನ್ಯಕ್ಕೆ ಸೇರಿ ಕೆಂಟಕಿಯ ಫೋರ್ಟ್ ಕ್ಯಾಂಬೆಲ್‌ಗೆ ಹೋದಾಗ ಗಿಟಾರು ಮನೆಯಲ್ಲೇ ಉಳಿದಿತ್ತು. ಕಳಿಸಿಕೊಡೆಂದು ತಂದೆಗೆ ಬರೆದು ತರಿಸಿಕೊಂಡ. ಅದರ ಮೇಲೆ ತನ್ನ ಗೆಳತಿಯ ಹೆಸರು ಬರೆದಿದ್ದ. ಅವನ ಹೆಸರು ಜಿಮಿ ಹೆಂಡ್ರಿಕ್ಸ್. ಐದಾರು ವರ್ಷಗಳಲ್ಲಿ ಜಗತ್ತು ಅವನನ್ನು ಕಂಡದ್ದು ಸ್ಟ್ರಾಟೋಕಾಸ್ಟರಿನೊಡನೆ. ಆದರೆ ಬೆರಳು ಪಳಗಿದ ವರ್ಷಗಳಲ್ಲಿ ಕೈಯಲ್ಲಿದ್ದದ್ದು ಕ್ಯಾಟಲಾಗಿನ ಗಿಟಾರು. 250 ಡಾಲರ್ ಕೂಡುವವರೆಗೆ ಕಾಯಬೇಕೆಂದಿದ್ದರೆ ಆ ಬೆರಳುಗಳು ಏನಾಗುತ್ತಿದ್ದವೋ!

ಸಿತಾರಿನ ನೆರಳು

ಕೊನೆಯ ಮಾದರಿ ನಮ್ಮ ದೇಶಕ್ಕೆ ಋಣಿ. 1965ರ ಡಿಸೆಂಬರಿನಲ್ಲಿ ಪ್ರಕಟವಾದ ಬೀಟಲ್ಸ್ ಹಾಡೊಂದರಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರ್ ನುಡಿಸಿದ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೇ ಉತ್ಸವದಲ್ಲಿ ಪಂಡಿತ ರವಿಶಂಕರರು ಸಾವಿರಾರು ತರುಣರನ್ನು ಮಂತ್ರಮುಗ್ಧಗೊಳಿಸಿದರು. ಪಾಶ್ಚಾತ್ಯ ಹಾಡುಗಳಿಗೆಲ್ಲ ಸಿತಾರಿನ ದನಿ ಬೇಕೆಂದಾಯಿತು. ಆದರೆ ಸಿತಾರ್ ವಾರದಲ್ಲಿ ಕಲಿಯುವ ವಿದ್ಯೆಯೆ? ಗಿಟಾರು ಬಲ್ಲವರಿಗೆ ಒಳದಾರಿ ಹುಡುಕಿದಾತ ನ್ಯೂಯಾರ್ಕಿನ ಧ್ವನಿಮುದ್ರಣ ವಾದಕ ವಿನ್ಸೆಂಟ್ ಬೆಲ್. ಡೇನಿಯಲ್‌ನೊಡನೆ ಸೇರಿ ಇವನು 1961ರಲ್ಲೇ ಬೆಲ್‌ಝೂಕಿ ಎಂಬ ಹನ್ನೆರಡು ತಂತಿಯ ಗಿಟಾರನ್ನು ರೂಪಿಸಿದ್ದ. ಈಗ 1967ರಲ್ಲಿ ಇಬ್ಬರ ಕೈಯಿಂದ ಬಂದದ್ದು ಕೋರಲ್ ವಿದ್ಯುತ್ ಸಿತಾರ್.

ನಮ್ಮ ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಎಳೆದಾರ ಇಟ್ಟು ಜೀವಾಳ ಹಿಡಿಸುತ್ತೇವೆ. ಆಗ ತಂತಿ ಅಗಲವಾದ ಕುದುರೆಯ ಮೈಯನ್ನು ತಡವಿ ತಡವಿ ಝೇಂಕರಿಸುತ್ತದೆ. ಸಿತಾರಿನ ಜವಾರಿಯೂ ಇದೇ ತತ್ತ್ವದ್ದು. ಬೆಲ್ ಮಾಡಿದ್ದು ಇದನ್ನೇ. ಗಿಟಾರಿಗೆ ಅಗಲ ಚಪ್ಪಟೆ ಕುದುರೆ ಕೂರಿಸಿ ತಂತಿ ಅದರ ಮೇಲೆ ಝೇಂಕರಿಸುವಂತೆ ಮಾಡಿದ. ಪಕ್ಕದಲ್ಲಿ ತರಬಿನಂತೆ ತಾವಾಗಿ ಮಿಡಿಯುವ ಹದಿಮೂರು ಅನುರಣನ ತಂತಿಗಳು, ಅವಕ್ಕೇ ಒಂದು ಪ್ರತ್ಯೇಕ ಲಿಪ್‌ಸ್ಟಿಕ್ ಪಿಕಪ್ಪು. ಮುಖ್ಯ ತಂತಿಗಳು ಮಾತ್ರ ಗಿಟಾರಿನ ಆರೇ, ಶ್ರುತಿಯೂ ಗಿಟಾರಿನದೇ. ಡ್ಯಾನೆಲೆಕ್ಟ್ರೋ ಹೆಸರಿನಲ್ಲಿ ಅನುರಣನ ತಂತಿಗಳಿಲ್ಲದ ಇನ್ನೊಂದು ಸರಳ ಮಾದರಿಯೂ ಹೊರಟಿತು. ಎರಡನ್ನೂ ಕೇಳಿದವರಿಗೆ ಕೋರಲ್ ಮಾದರಿಯ ಹಿನ್ನೆಲೆಯ ಗುಂಯ್‌ಗುಡುವಿಕೆ ಇದರಲ್ಲಿ ಇಲ್ಲವೆಂಬುದು ತಿಳಿಯುತ್ತದೆ; ಝೇಂಕಾರ ಮಾತ್ರ ಎರಡಕ್ಕೂ ಸಮಾನ.

ಇದು ಸಿತಾರ್ ಆಯಿತೆ? ಆಗಲಿಲ್ಲ. ಸಿತಾರಿನಲ್ಲಿ ತಂತಿಯನ್ನು ಬದಿಗೆಳೆದು ಒಂದೇ ಮೆಟ್ಟಿಲಿನಲ್ಲಿ ಹಲವು ಸ್ವರ ಹೊಮ್ಮಿಸುವ ಮೀಂಡ್ ಇದರ ದಂಡಿಗೆ ದಕ್ಕದು. ರಾಗದ ಆತ್ಮ ಗಮಕದಲ್ಲಿದೆಯೇ ಹೊರತು ಝೇಂಕಾರದಲ್ಲಿಲ್ಲ ಎಂಬುದು ಸಂಗೀತ ಕೇಳಿ ಬೆಳೆದ ನಮಗೆ ಹೇಳಿಕೊಡಬೇಕಾದ್ದಿಲ್ಲ. ಆದರೆ ಹೊಸದೊಂದು ದನಿಯಾಗಿ ಅದು ಗೆದ್ದಿತು. ಲೆಮನ್ ಪೈಪರ್ಸ್ ತಂಡದ 'ಗ್ರೀನ್ ಟ್ಯಾಂಬೊರಿನ್' ಹಾಡಿನಲ್ಲಿ ಬೆಲ್ ಸ್ವತಃ ನುಡಿಸಿದ. 1968ರ 'ಕ್ರೈ ಲೈಕ್ ಎ ಬೇಬಿ', 1970ರಲ್ಲಿ ಸ್ಟೀವಿ ವಂಡರ್ ಹಾಡಿದ 'ಸೈನ್ಡ್ ಸೀಲ್ಡ್ ಡೆಲಿವರ್ಡ್', 1972ರಲ್ಲಿ ಸ್ಟೀಲಿ ಡ್ಯಾನ್ ತಂಡದ 'ಡು ಇಟ್ ಎಗೇನ್' ಇವೆಲ್ಲ ವಿದ್ಯುತ್ ಸಿತಾರಿನ ಹಾಡುಗಳು. ಹಳೆಯ ಇಂಗ್ಲಿಷ್ ಹಾಡು ಕೇಳುವಾಗ 'ಇದೇನು, ಸಿತಾರಿನಂತಿದೆಯಲ್ಲ, ಆದರೆ ಸಿತಾರಲ್ಲ' ಎಂದು ನಮ್ಮಲ್ಲಿ ಯಾರಾದರೂ ಹುಬ್ಬೇರಿಸಿದ್ದರೆ, ಉತ್ತರ ಇಲ್ಲಿದೆ.

ಮುಚ್ಚಿದ ಬಾಗಿಲು

1966ರಲ್ಲಿ ಡೇನಿಯಲ್ ತನ್ನ ಕಂಪೆನಿಯನ್ನು ಎಂಸಿಎ ಎಂಬ ಬೃಹತ್ ಮನರಂಜನಾ ಸಂಸ್ಥೆಗೆ ಮಾರಿದ. ಹೊಸ ಒಡೆಯರು ಕೋರಲ್ ಎಂಬ ಹೊಸ ಹೆಸರು ತಂದರು, ಊರೂರಿನ ಸಂಗೀತದ ಅಂಗಡಿಗಳಿಗೆ ನೇರವಾಗಿ ಮಾರುವ ದಾರಿ ಹಿಡಿದರು. ಅದೇ ಹೊತ್ತಿಗೆ ಗಿಟಾರಿನ ಹುಚ್ಚು ಇಳಿಯತೊಡಗಿತ್ತು, ಜಪಾನಿನ ಅಗ್ಗದ ಗಿಟಾರುಗಳೂ ಬರುತ್ತಿದ್ದವು. 1969ರಲ್ಲಿ ನೆಪ್ಚೂನ್ ಕಾರ್ಖಾನೆಯ ಬಾಗಿಲು ಮುಚ್ಚಿತು. ಡೇನಿಯಲ್ ಮುಂದೆ ಹವಾಯಿ ದ್ವೀಪಕ್ಕೆ ಹೋಗಿ ದೋಣಿಗಳ ಹೊಸ ವಿನ್ಯಾಸಗಳಲ್ಲಿ ಮುಳುಗಿದ, 1994ರಲ್ಲಿ ತೀರಿಕೊಂಡ. 1990ರ ದಶಕದ ಕೊನೆಗೆ ಬೇರೊಬ್ಬರು ಆ ಹೆಸರನ್ನು ಕೊಂಡು ಹಳೆಯ ಮಾದರಿಗಳನ್ನೇ ಹೋಲುವ ಗಿಟಾರುಗಳನ್ನು ಮತ್ತೆ ಮಾಡತೊಡಗಿದರು. ಲಿಪ್‌ಸ್ಟಿಕ್ ಪಿಕಪ್ಪು ಎಂಬ ಮಾತು ಈಗ ಗಿಟಾರಿನ ಲೋಕದ ಶಬ್ದಕೋಶಕ್ಕೇ ಸೇರಿಹೋಗಿದೆ. ಒಂದು ಕಾಲಕ್ಕೆ ಅಟ್ಟದ ಮೇಲೆ ಎಸೆದಿದ್ದ ಯು-2, 3021ಗಳನ್ನು ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಬಡವರಿಗೆಂದು ಮಾಡಿದ ಗಿಟಾರು ಬಡವರ ಕೈಗೆ ಸಿಗದಂತಾದದ್ದು ವಿಧಿಯ ವಿನೋದ!

ಹಾಗಾದರೆ ಈ ಮಾದರಿಗಳಲ್ಲಿ ಯಾವುದು ಮೇಲು? ನಾದಕ್ಕೆ ಯು-2 ಮತ್ತು 3021, ಇವೆರಡರಲ್ಲಿ ಕೈಗೊದಗುವುದಕ್ಕೆ 3021. ದುಡಿಮೆಗೆ ಯುಬಿ-2. ಕುತೂಹಲಕ್ಕೆ ಗಿಟಾರ್‌ಲಿನ್. ಹೊಸ ದನಿಗೆ ಕೋರಲ್ ಸಿತಾರ್. ಆದರೆ ಒಂದನ್ನೇ ಹೇಳಬೇಕೆಂದರೆ ನನ್ನ ಮತ 1448ಕ್ಕೆ. ವಾದ್ಯವಾಗಿ ಅದು ಎಲ್ಲಕ್ಕಿಂತ ಸಣ್ಣದು. ಆದರೆ ಸಂಗೀತ ತನಗಲ್ಲವೆಂದುಕೊಂಡಿದ್ದ ಮನೆಗೆ ಅದು ಸಂಗೀತವನ್ನು ಅಂಚೆಯಲ್ಲಿ ಕಳಿಸಿತು.

ಊರು ಬಿಟ್ಟು ಬಂದು ಎರಡು ಕೋಣೆಯ ಮನೆಗಳಲ್ಲಿ ಬಾಳುವ ನಮಗೆ ಇದು ತೀರ ದೂರದ ಮಾತಲ್ಲ. ಆಳೆತ್ತರದ ತಂಬೂರಿಗೆ ಜಾಗವೂ ಇಲ್ಲದ, ಶ್ರುತಿ ಹಿಡಿದು ಕೂರುವವರೂ ಇಲ್ಲದ ಮನೆಗಳಲ್ಲಿ, ಬೆಂಗಳೂರಿನಲ್ಲಿ ತಯಾರಾದ ಇಲೆಕ್ಟ್ರಾನಿಕ್ ತಂಬೂರಿಯ ಪುಟ್ಟ ಪೆಟ್ಟಿಗೆ ಬೆಳಗಿನ ಪಾಠಕ್ಕೆ ಒದಗಿತು. ಹಿರಿಯ ವಿದ್ವಾಂಸರು ಮೊದಲು ಮೂಗು ಮುರಿದರು. ಮಕ್ಕಳು ಅದರ ಮುಂದೆ ಕೂತು ಸರಳೆವರಸೆ ಕಲಿತರು. ಮಗನೋ ಮಗಳೋ ಗಿಟಾರು ಬೇಕೆಂದು ಹಟ ಹಿಡಿದರೆ, ಅಂಗಡಿಯವನು ಅಗ್ಗದ್ದನ್ನು ತೋರಿಸಿ 'ಇದು ಕಲಿಯುವವರಿಗೆ' ಎಂದು ತಾತ್ಸಾರದಿಂದ ಹೇಳಿದರೆ, ಕುಗ್ಗಬೇಕಾದ್ದಿಲ್ಲ. ದಂಡಿ ನೆಟ್ಟಗಿದೆಯೆ, ಶ್ರುತಿ ನಿಲ್ಲುತ್ತದೆಯೆ, ಬೆರಳಿಗೆ ನೋವಾಗದೆ ತಂತಿ ಒತ್ತಬಹುದೆ, ಇಷ್ಟು ನೋಡಿದರೆ ಸಾಕು. ಉಳಿದದ್ದನ್ನು ಮಗುವಿನ ಸಾಧನೆಗೆ ಬಿಡೋಣ.